ನೆಲವೇ ಡೊಂಕಾದಾಗ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಮ್ಮ ಹೆಂಗಸರ ಮೇಲೆ ಎಷ್ಟು ಸಲ ಪ್ರಯೋಗಿಸಿದ್ದಾರೋ ಲೆಕ್ಕ ಇಟ್ಟವರಿಲ್ಲ. ಆದರೆ ಆ ನೆಲಕ್ಕೆ ಒಮ್ಮೆಯಾದರೂ ರಸಮಟ್ಟ ಇಟ್ಟು ನೋಡಿದವರು ಯಾರಾದರೂ ಇದ್ದಾರೆಯೇ? ನಾನು ನೋಡಿದೆ. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ ನೆಲವೇ ಡೊಂಕಾಗಿತ್ತು. ಎರಡು ವರ್ಷ ಒಬ್ಬ ಮುದುಕಿಯನ್ನು ಕಿವುಡಿ ಎಂದು ಕರೆದು, ಆಮೇಲೆ ನಮಗೆ ಅದು ಗೊತ್ತಾಯಿತು.

ನಮ್ಮದು ಹುಣಸೂರು. 2014ರವರೆಗೆ ನಾವಿದ್ದದ್ದು ಮಾವನವರ ಕಾಲದ ಹೆಂಚಿನ ಮನೆ. ನಡುಮನೆಯ ಮೇಲೆ ಮರದ ಅಟ್ಟ. ಅಟ್ಟದ ತುಂಬ ಹಳೇ ಪೆಟ್ಟಿಗೆ, ಹುಣಸೆಹಣ್ಣಿನ ಮಡಕೆ, ಗೋಣಿಚೀಲ. ಹೆಂಚಿನ ಸಂದಿಯಿಂದ ಬೇಸಿಗೆಯಲ್ಲಿ ಬಿಸಿಲಕೋಲು, ಮಳೆಗಾಲದಲ್ಲಿ ಹನಿ. ಅತ್ತೆಯವರು ಬೆಳಗ್ಗೆ ಹೂ ಕಟ್ಟುತ್ತ ಮೈಸೂರು ಆಕಾಶವಾಣಿ ಕೇಳುವರು. ರೇಡಿಯೋ ಅಡುಗೆಮನೆಯ ಗೂಡಿನಲ್ಲಿ, ಅವರು ಪಡಸಾಲೆಯಲ್ಲಿ. ಪ್ರದೇಶ ಸಮಾಚಾರದ ಒಂದು ಮಾತೂ ಅವರಿಗೆ ತಪ್ಪುತ್ತಿರಲಿಲ್ಲ. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು.

ಆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆವು. ನಾನೂ ಹೂಂ ಅಂದವಳೇ, ಸುಳ್ಳು ಹೇಳಲಾರೆ. ಹನಿ ಬೀಳದ ಸೂರು, ಇಲಿ ಓಡದ ಅಟ್ಟ, ಒರೆಸಿದರೆ ಕನ್ನಡಿಯಂತೆ ಹೊಳೆಯುವ ನೆಲ ಯಾರಿಗೆ ಬೇಡ? ಹಜಾರ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತಡಿ ಎತ್ತರ. "ಚಚ್ಚೌಕ ಬಂದಿದೆ, ಲಕ್ಷಣವಾಗಿದೆ" ಎಂದು ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದರು.

ವರ್ಷ ತುಂಬುವುದರಲ್ಲಿ ಅತ್ತೆಯವರಿಗೆ "ಕಿವಿ ಹೋಯಿತು". ಟೀವಿಯಲ್ಲಿ ಯಾರೇನು ಹೇಳಿದರೂ "ಏನಂತೆ?" ಎನ್ನತೊಡಗಿದರು. ಮೊಮ್ಮಕ್ಕಳು ನಕ್ಕವು. ನನ್ನ ಯಜಮಾನರು ಜೋರಾಗಿ ಹೇಳಹೋಗಿ ಕಿರುಚುವುದನ್ನೇ ಅಭ್ಯಾಸ ಮಾಡಿಕೊಂಡರು. ಕಿರುಚಿ ಮಾತಾಡಿದರೆ ಅಕ್ಕರೆಯ ಮಾತೂ ಬೈಗುಳದಂತೆ ಕೇಳುತ್ತದೆ. ಕೊನೆಗೆ ಅತ್ತೆಯವರು ಕೇಳುವುದನ್ನೇ ಬಿಟ್ಟರು. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ದಿನವೆಲ್ಲ ಕೂರತೊಡಗಿದರು.

ಒಂದು ದಿನ ನಾನು ಬಟ್ಟೆ ಹಿಂಡುತ್ತಿದ್ದೆ. "ಸೊಪ್ಪಿನವಳು ಬಂದಳು ನೋಡೇ, ದಂಟು ತಗೋ" ಅಂದರು. ಸೊಪ್ಪಿನವಳು ಇನ್ನೂ ಆಚೆ ಬೀದಿಯಲ್ಲಿದ್ದಳು. ನನಗೆ ಕೇಳಿಸಿರಲಿಲ್ಲ, ಕಿವುಡಿಗೆ ಕೇಳಿಸಿತ್ತು! ಹಿತ್ತಲಲ್ಲಿ ಬರುವ ಕಿವಿ ಹಜಾರದಲ್ಲಿ ಹೋಗುವುದು ಹೇಗೆ?

ಇದಕ್ಕೆ ಉತ್ತರ ಸಿಗಲು ಮಗನ ಖಯಾಲಿಯೇ ಕಾರಣವಾಯಿತು. ಬೆಂಗಳೂರಿನಲ್ಲಿರುವ ಅವನು ದಸರೆಗೆ ಬರುವಾಗ ಎರಡು ದೊಡ್ಡ ಸ್ಪೀಕರು, ಜೊತೆಗೊಂದು ಸಬ್‌ವೂಫರ್ ಎಂಬ ಪೆಟ್ಟಿಗೆ ತಂದ. ಪೆಟ್ಟಿಗೆಯನ್ನು ಮೂಲೆಗೆ ಇಟ್ಟು ಹಾಡು ಹಾಕಿದ. ಷೋಕೇಸಿನ ಗಾಜು ಗಡಗಡ ಎಂದಿತು. ಮೃದಂಗ ಯಾವುದು, ತಂಬೂರಿ ಯಾವುದು ತಿಳಿಯದಂತೆ ಎಲ್ಲ ಸೇರಿ ಬರೀ "ಬುಂ" ಎಂಬ ಗುಂಗು. "ರೂಮಿನದೇ ತೊಂದರೆ ಅಮ್ಮ, ಮೂಲೆಗಳಿಗೆ ಬಾಸ್ ಟ್ರ್ಯಾಪ್ ಹಾಕಬೇಕು" ಅಂದ. ಬಾಸ್ ಟ್ರ್ಯಾಪ್ ಎಂದರೆ ಮಂದ್ರದ ದನಿಯನ್ನು ಹಿಡಿದು ಹೀರುವ ಸಾಧನ. ನನಗೆ ಇಲಿಬೋನೇ ನೆನಪಾಯಿತು.

ಸಿಟಿಯ ಅಂಗಡಿಯೊಂದರಿಂದ ಹದಿನೆಂಟು ಸಾವಿರ ಕೊಟ್ಟು ತಂದದ್ದು ಏನು ಗೊತ್ತೇ? ಒಂದಂಗುಲ ದಪ್ಪದ ಕಪ್ಪು ಫೋಮಿನ ಹಾಳೆಗಳು, ಮೂಲೆಗೆಂದು ಅಂಗೈ ಅಗಲದ ನಾಲ್ಕು ತ್ರಿಕೋನದ ತುಂಡುಗಳು. ಅಂಟಿಸಿದ ಮೇಲೆ ಹಜಾರ ಸಿನಿಮಾ ಟಾಕೀಸಿನಂತೆ ಕಂಡಿತು. ಗುಂಗು ಮಾತ್ರ ಇದ್ದ ಹಾಗೇ ಇತ್ತು. ಅತ್ತೆಯವರಿಗೆ ಮೊದಲು ಅಷ್ಟೋ ಇಷ್ಟೋ ಕೇಳುತ್ತಿದ್ದದ್ದೂ ನಿಂತುಹೋಯಿತು.

ಹದಿನೆಂಟು ಸಾವಿರ ಹೋಯಿತಲ್ಲ ಎಂಬ ಹೊಟ್ಟೆಕಿಚ್ಚಿಗೆ ನಾನು ಓದಲು ಕೂತೆ. ನಿಮಗೂ ಬೇಕಾಗುವ ಸಂಗತಿ, ಸ್ವಲ್ಪ ತಾಳ್ಮೆಯಿಂದ ಕೇಳಿ.

ದನಿ ಎಂದರೆ ಗಾಳಿಯ ಅಲೆ. ತಾರದ ದನಿಯ ಅಲೆ ಅಂಗುಲಗಳಷ್ಟು ಚಿಕ್ಕದು. ಮಂದ್ರದ್ದು ಹತ್ತು, ಇಪ್ಪತ್ತು ಅಡಿ ಉದ್ದದ್ದು. ಹನ್ನೆರಡು ಅಡಿಯ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 47 ಸಲ ಕಂಪಿಸುವ ದನಿ ಸಿಕ್ಕಿಹಾಕಿಕೊಂಡು ಉಬ್ಬುತ್ತದೆ. ಅದರ ಇಮ್ಮಡಿಯಾದ 94ರಲ್ಲಿ ಇನ್ನೊಮ್ಮೆ ಉಬ್ಬುತ್ತದೆ. ಉದ್ದಗಲ ಒಂದೇ ಆದರೆ ಎರಡು ಜೊತೆ ಗೋಡೆಗಳೂ ಒಂದೇ ಸ್ವರವನ್ನು ಹಿಡಿದು ಎಳೆಯುತ್ತವೆ. ಎಲ್ಲರೂ ಹೊಗಳಿದ ಚಚ್ಚೌಕವೇ ನಮಗೆ ಮುಳುವಾದದ್ದು ಹೀಗೆ. ಗಂಡಸರ ಮಾತಿನ ಮೂಲಸ್ವರ ನೂರರ ಆಸುಪಾಸಿನಲ್ಲೇ ಇರುವುದರಿಂದ ಟೀವಿಯಲ್ಲಿ ವಾರ್ತೆ ಓದುವವರ ದನಿಯೂ ಆ ಗುಂಗಿಗೆ ಸಿಕ್ಕಿ ಗಡಿಗೆಯೊಳಗಿಂದ ಬಂದಂತಾಗುತ್ತದೆ.

ಇನ್ನೊಂದು ಸಂಗತಿಯಿದೆ. ಮಂದ್ರದ ಗದ್ದಲ ಮೇಲಿನ ದನಿಗಳನ್ನು ಮುಚ್ಚಿಹಾಕುತ್ತದೆ. ಸ, ತ, ಚ, ಕ ಮುಂತಾದ ವ್ಯಂಜನಗಳ ಚೂಪು ಇರುವುದು ಮೇಲಿನ ದನಿಗಳಲ್ಲೇ. ಮಾತು ಅರ್ಥವಾಗುವುದು ಆ ಚೂಪಿನಿಂದ. ವಯಸ್ಸಾದವರಲ್ಲಿ ಮೊದಲು ಮಂಕಾಗುವುದೂ ಮೇಲಿನ ದನಿಗಳೇ. ಹೀಗೆ ಮೊದಲೇ ಮಂಕಾದದ್ದನ್ನು ಕೋಣೆಯ ಗುಂಗು ಮುಚ್ಚಿತ್ತು, ಉಳಿದ ಚೂರುಪಾರನ್ನು ನಮ್ಮ ಒಂದಂಗುಲದ ಫೋಮು ನುಂಗಿತು. ತೆಳುವಾದ ಫೋಮು ಹೀರುವುದು ಚಿಕ್ಕ ಅಲೆಗಳನ್ನು ಮಾತ್ರ. ಹದಿನೆಂಟು ಸಾವಿರ ಕೊಟ್ಟು ನಾವು ಕೊಂಡದ್ದು ಅತ್ತೆಯವರ ಕಿವಿಗೆ ಹತ್ತಿ ತುರುಕುವ ಕೆಲಸವನ್ನು.

ಹಾಗಾದರೆ ಹೆಂಚಿನ ಮನೆಯಲ್ಲಿ ಏಕೆ ಹೀಗಾಗಲಿಲ್ಲ? ಕೋಣೆಯ ದನಿಯನ್ನು ಶಾಸ್ತ್ರವಾಗಿ ಅಳೆದ ಮೊದಲಿಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿಯ ಹೊಸ ಉಪನ್ಯಾಸದ ಕೋಣೆಯಲ್ಲಿ ಮೇಷ್ಟರ ಮಾತು ಯಾರಿಗೂ ತಿಳಿಯುತ್ತಿಲ್ಲ ಎಂಬ ದೂರು ಬಂತು. ಸಬೀನ್ ಮಾಡಿದ್ದೇನು? ಹತ್ತಿರದ ರಂಗಮಂದಿರದ ಕುರ್ಚಿಯ ದಿಂಬುಗಳನ್ನು ರಾತ್ರಿ ಹೊತ್ತು ತಂದು, ಕೋಣೆಯಲ್ಲಿ ಜೋಡಿಸಿ, ದನಿ ಎಷ್ಟು ಸೆಕೆಂಡು ಉಳಿಯುತ್ತದೆಂದು ಅಳೆದು, ಬೆಳಗಾಗುವುದರೊಳಗೆ ವಾಪಸು ಇಡುತ್ತಿದ್ದ. ಅವನು ಬಳಸಿದ ಅಳತೆಗೋಲು ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಹೊರಹೋದ ದನಿ ವಾಪಸು ಬರುವುದಿಲ್ಲ, ಅದಕ್ಕಿಂತ ಚೆನ್ನಾಗಿ ಹೀರುವ ವಸ್ತು ಇಲ್ಲ. ಉಳಿದ ಎಲ್ಲ ವಸ್ತುಗಳನ್ನೂ ಅವನು ಅದಕ್ಕೆ ಹೋಲಿಸಿ ನೋಡಿದ. ಒಂದು ದೊಡ್ಡ ವಿಜ್ಞಾನ ದಿಂಬು ಮತ್ತು ಕಿಟಕಿಯಿಂದ ಹುಟ್ಟಿದೆಯೆಂದು ಓದಿದಾಗ ನನಗೆ ಎಷ್ಟು ಧೈರ್ಯ ಬಂತೆಂದು ಹೇಳಲಾರೆ. ಅವೆರಡೂ ನಮ್ಮ ಕೈಯಲ್ಲಿರುವ ವಸ್ತುಗಳು ತಾನೆ?

ನಮ್ಮ ಹೆಂಚಿನ ಸೂರು ಅಂಥ ಸಾವಿರ ಸಣ್ಣ ಕಿಟಕಿ. ಕೆ.ಆರ್. ನಗರದ ಕಡೆಯ ತೊಟ್ಟಿಮನೆಗಳಲ್ಲಿ ನಡುವಿನ ತೊಟ್ಟಿ ಇಡೀ ಒಂದು ಕೋಣೆಯಷ್ಟು ದೊಡ್ಡ ಕಿಟಕಿ. ಮರದ ಅಟ್ಟ, ಹಲಗೆಯ ಅಡ್ಡಗೋಡೆ ಮಂದ್ರಕ್ಕೆ ತಾವೂ ಅದುರಿ ಅದರ ಬಲವನ್ನು ತಿನ್ನುತ್ತವೆ. ಸಿಮೆಂಟು ಗೋಡೆ, ಗಾಜಿನಂಥ ಟೈಲ್ಸ್ ನೂರು ಪಾಲಿನಲ್ಲಿ ಒಂದೆರಡು ಪಾಲನ್ನು ಹೀರಿ ಉಳಿದದ್ದನ್ನು ನಮ್ಮ ಮುಖಕ್ಕೇ ಎಸೆಯುತ್ತವೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಹಲವು ಸಲ ಮಾರ್ದನಿ ಕೇಳುತ್ತದೆ, ಅದನ್ನು ನೋಡಲು ಟಿಕೇಟು ಕೊಟ್ಟು ಹೋಗುತ್ತೇವೆ. ಸರಿ, ಅದು ಆದಿಲ್‌ಶಾಹಿ ಸುಲ್ತಾನನ ಸಮಾಧಿ. ಬದುಕಿರುವವರು ಮಾತಾಡಿಕೊಳ್ಳುವ ಹಜಾರಕ್ಕೆ ಆ ಭಾಗ್ಯ ಬೇಕೇ?

ಮಂದ್ರದ ದನಿಯ ಹಟ ಎಂಥದೆಂದು ತಿಳಿಯಲು ಎಚ್.ಡಿ. ಕೋಟೆ ಕಡೆ ಹೋಗಬೇಕು. ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಆನೆಗಳು ನಮ್ಮ ಕಿವಿಗೆ ಎಟುಕದಷ್ಟು ತಗ್ಗಿನ ದನಿಯಲ್ಲಿ ಮಾತಾಡಿಕೊಳ್ಳುತ್ತವೆ ಎಂಬುದನ್ನು 1984ರಲ್ಲಿ ಮೊದಲು ಗುರುತಿಸಿದವಳು ಕೇಟಿ ಪೇನ್ ಎಂಬ ಹೆಣ್ಣುಮಗಳು. ಆನೆಯ ಬೋನಿನ ಪಕ್ಕ ನಿಂತಾಗ ಗಾಳಿಯೇ ಅದುರಿದಂತೆ ಅವಳಿಗೆ ಅನ್ನಿಸಿತಂತೆ. ಕಾಡಿನ ಮರಗಿಡಗಳನ್ನು ದಾಟಿ ಆ ದನಿ ಮೈಲಿಗಟ್ಟಲೆ ಹೋಗುತ್ತದೆ. ಕಾಡು ತಡೆಯಲಾರದ್ದನ್ನು ಒಂದಂಗುಲದ ಫೋಮು ತಡೆಯುತ್ತದೆಯೆಂದು ಮಾರುವವನ ಧೈರ್ಯಕ್ಕಿಂತ, ನಂಬಿ ಕೊಂಡ ನಮ್ಮ ಧೈರ್ಯ ದೊಡ್ಡದು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ನೀವು ಹೋಗಿರುತ್ತೀರಿ. 1961ರಲ್ಲಿ ಟಿಬೆಟಿನಿಂದ ಬಂದವರಿಗೆ ಅಲ್ಲಿ ನೆಲೆ ಸಿಕ್ಕಿತು. ಅಲ್ಲಿಯ ಭಿಕ್ಷುಗಳು ನಾಭಿಯಿಂದ ಎತ್ತುವ ಮಂತ್ರದ ದನಿ, ಮಾರುದ್ದದ ಕಹಳೆಗಳ ದನಿ, ಎರಡೂ ಎದೆಗೂಡಿಗೆ ತಟ್ಟುವಷ್ಟು ತಗ್ಗಿನವು. ನಾನು ಆ ಮಂದಿರದ ಮೂಲೆಯಲ್ಲಿ ಅರ್ಧ ಗಂಟೆ ಕೂತಿದ್ದೆ. ನಮ್ಮ ಹಜಾರದ ಹಾಗೆ ಅದು ಕಿವಿಗೆ ಗವ್ವೆನ್ನಲಿಲ್ಲ. ಸುತ್ತ ನೋಡಿದೆ. ಎತ್ತರದ ಸೂರು, ಮೇಲಿಂದ ಇಳಿಬಿಟ್ಟ ಬಟ್ಟೆಯ ಅಲಂಕಾರ, ಸಾಲುಸಾಲು ದಪ್ಪ ದಿಂಬಿನ ಆಸನ, ಅದರ ಮೇಲೆ ಉಣ್ಣೆ ಬಟ್ಟೆ ಹೊದ್ದ ನೂರಾರು ಮೈಗಳು. ಸಬೀನನ ದಿಂಬುಗಳು ನೆನಪಾದವು.

ಇನ್ನು ಕೆ.ಆರ್. ನಗರದ ಚುಂಚನಕಟ್ಟೆ. ಕಾವೇರಿ ಅಲ್ಲಿ ಸುಮಾರು ಇಪ್ಪತ್ತು ಮೀಟರ್ ಕೆಳಗೆ ಧುಮುಕುತ್ತಾಳೆ. ಪಕ್ಕದಲ್ಲೇ ಕೋದಂಡರಾಮನ ಗುಡಿ. ಪ್ರಾಕಾರದಲ್ಲೆಲ್ಲ ಭೋರ್ಗರೆತ ಕೇಳಿಸುತ್ತದೆ, ಗರ್ಭಗುಡಿಯೊಳಗೆ ಮಾತ್ರ ಕೇಳಿಸುವುದಿಲ್ಲ ಎನ್ನುತ್ತಾರೆ. ದೇವರ ಮಹಿಮೆ ಎನ್ನುವವರ ಜೊತೆ ನನಗೆ ಜಗಳವಿಲ್ಲ. ನನ್ನ ಜಗಳ ಇರುವುದು ನಮ್ಮ ಜೊತೆಗೇ. ದೇವರಿಗೆ ಗದ್ದಲವಿಲ್ಲದ ಜಾಗ ಬೇಕು ಎಂಬುದು ನಮಗೆ ಗೊತ್ತು. ಮನೆಯ ಹಿರಿಯಳಿಗೂ ಬೇಕಾಗಬಹುದು ಎಂಬುದು ಮಾತ್ರ ಹೊಳೆಯಲಿಲ್ಲ.

ನಾವು ಮಾಡಿದ್ದನ್ನು ಹೇಳುತ್ತೇನೆ. ಮೊದಲನೆಯದಕ್ಕೆ ಕಾಸು ಖರ್ಚಿಲ್ಲ. ಸಬ್‌ವೂಫರನ್ನು ಮೂಲೆಯಿಂದ ಎಳೆದೆವು. ಮಂದ್ರದ ಒತ್ತಡವೆಲ್ಲ ಮೂಲೆಯಲ್ಲಿ ಕೂಡುತ್ತದೆ. ಅಲ್ಲೇ ಪೆಟ್ಟಿಗೆ ಇಟ್ಟರೆ ಬೆಂಕಿಗೆ ತುಪ್ಪ. ಹಿಂದಿನ ಗೋಡೆಗೆ ಒತ್ತಿದ್ದ ಸೋಫಾವನ್ನು ಮೂರಡಿ ಮುಂದೆ ತಂದೆವು. ಮೊಬೈಲಿನಿಂದ ಒಂದೇ ತಗ್ಗಿನ ಸ್ವರ ಹಾಕಿ ಹಜಾರದಲ್ಲಿ ನಡೆದಾಡಿದೆ. ಗೋಡೆಯ ಬುಡದಲ್ಲಿ ಗವ್ವೆನ್ನುವ ದನಿ ನಡುವೆ ಬಂದಾಗ ಅಡಗುತ್ತಿತ್ತು. ನೀವೂ ಮಾಡಿ ನೋಡಿ, ಮಕ್ಕಳಿಗೆ ಆಟ, ನಿಮಗೆ ಜ್ಞಾನ. ಅರ್ಧ ತೊಂದರೆ ಇಷ್ಟರಲ್ಲೇ ಹೋಯಿತು.

ಎರಡನೆಯದು ಅರಳೆ. ಅಟ್ಟದಿಂದ ಇಳಿಸಿದ್ದ ನಾಲ್ಕು ಹಳೇ ಹಾಸಿಗೆಗಳನ್ನು ಮಾರದೆ ಇಟ್ಟಿದ್ದೆ. ಅರಳೆ ಹಿಂಜುವವರನ್ನು ಕರೆಸಿ ಹೊಸದಾಗಿ ಹಿಂಜಿಸಿ, ಒಂದೊಂದನ್ನೂ ಒಂದಡಿಗಿಂತ ದಪ್ಪದ ಉರುಳೆ ಮಾಡಿ ಹೊಲಿಸಿದೆ. ಎರಡು ಮೂಲೆಗಳಲ್ಲಿ ನೆಲದಿಂದ ಸೂರಿನವರೆಗೆ ಒಂದರ ಮೇಲೊಂದು ನಿಲ್ಲಿಸಿ, ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟೆವು. ಅರಳೆ ಕೆಲಸ ಮಾಡುವುದು ಗಾಳಿ ಆಡುವ ಕಡೆ. ಗೋಡೆಗೆ ಅಂಟಿದಂತೆ ಗಾಳಿ ಆಡುವುದಿಲ್ಲ. ಅದಕ್ಕೇ ದಪ್ಪವೂ ಬೇಕು, ಸಂದೂ ಬೇಕು. ಹೊದಿಕೆಗೆ ನನ್ನ ಹಳೇ ನೂಲಿನ ಸೀರೆ. ಬಾಯಿಟ್ಟು ಊದಿದರೆ ಉಸಿರು ದಾಟುವ ಬಟ್ಟೆಯಾಗಿರಬೇಕು, ರೆಕ್ಸಿನ್ ಬೇಡ. ಒಲೆ, ದೀಪ, ವೈರಿನ ಹತ್ತಿರ ಇಡಬಾರದು. ನಮ್ಮ ಕಡೆಯ ಆಷಾಢದ ಥಂಡಿಗೆ ಬೂಷ್ಟು ಹಿಡಿಯದಂತೆ ಆಗಾಗ ಬಿಸಿಲಿಗೆ ಹಾಕಬೇಕು. ಪುಸ್ತಕದ ಕಪಾಟನ್ನು ಮೂರನೇ ಮೂಲೆಗೆ ಸರಿಸಿದೆವು. ನೆಲಕ್ಕೆ ಜಮಖಾನ. ಗೋಡೆಯ ಫೋಮನ್ನು ಕಿತ್ತು ಎಸೆದೆವು.

ಅಂಗಡಿಯಲ್ಲೇ ಕೊಳ್ಳುತ್ತೇನೆ ಎನ್ನುವವರಿಗೆ ಬೇಡ ಎನ್ನುವುದಿಲ್ಲ. ರಾಕ್‌ವೂಲ್ ತುಂಬಿದ ದಪ್ಪನೆಯ ಒಳ್ಳೆಯ ಸಾಮಾನೂ ಸಿಗುತ್ತದೆ. ಆದರೆ ಕೇಳಿ ಕೊಳ್ಳಿ. ಎಷ್ಟು ದಪ್ಪ? ನಾಲ್ಕಂಗುಲಕ್ಕೆ ಕಡಿಮೆಯಾದರೆ ಅದನ್ನು ಬಾಸ್ ಟ್ರ್ಯಾಪ್ ಎಂದು ಕರೆಯುವುದೇ ತಪ್ಪು. 125 ಹರ್ಟ್ಸ್ ಮತ್ತು ಅದರ ಕೆಳಗೆ ಎಷ್ಟು ಪಾಲು ಹೀರುತ್ತದೆ? ಎನ್‌ಆರ್‌ಸಿ ಎಂಬ ಒಂದೇ ಅಂಕಿ ತೋರಿಸಿದರೆ ಒಪ್ಪಬೇಡಿ. ಅದು 250ರಿಂದ 2000 ಹರ್ಟ್ಸ್‌ವರೆಗಿನ ಸರಾಸರಿ. ಅದರಲ್ಲಿ ಮಂದ್ರದ ಲೆಕ್ಕವೇ ಇಲ್ಲ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ ನೋಡುವ ನಾವು ಇಲ್ಲೇಕೆ ಬಾಯಿ ಮುಚ್ಚಿಕೊಂಡಿರಬೇಕು?

ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. ತೀರ ತಗ್ಗಿನ ಗುಂಗು ಇವತ್ತಿಗೂ ಸ್ವಲ್ಪ ಇದೆ. ಆರಡಿ ಹಾಸಿಗೆ ಬೇಕಾಗುವ ಅಲೆಯನ್ನು ಒಂದಡಿಯಲ್ಲಿ ಪೂರ್ತಿ ಹಿಡಿಯಲಾಗದು. ಅತ್ತೆಯವರ ಕಿವಿಯನ್ನೂ ಪರೀಕ್ಷೆ ಮಾಡಿಸಿದೆವು. ವಯಸ್ಸಿನ ಮಂಕು ಸ್ವಲ್ಪ ಇತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಹುಣಸೂರಿನಿಂದ ನಲವತ್ತೈದು ಕಿಲೋಮೀಟರಿನ ದಾರಿ. ಕೋಣೆ ಸರಿಮಾಡಿದರೆ ಕಿವಿಯ ಪರೀಕ್ಷೆ ಬೇಡ ಎಂದು ಯಾರೂ ತಿಳಿಯಬಾರದು, ಎರಡೂ ಬೇಕು.

"ಹಜಾರದಲ್ಲಿ ಹಾಸಿಗೆ ನಿಲ್ಲಿಸಿದರೆ ಬಂದವರು ಏನಂದಾರು?" ಎಂದು ನನ್ನ ಯಜಮಾನರು ಕೇಳಿದರು. ಬಂದವರ ಕಣ್ಣಿಗೆ ಕಟ್ಟಿದ ಮನೆಯಿದು, ಇರುವವರ ಕಿವಿಗೆ ಕಟ್ಟಿದ್ದಲ್ಲ ಎಂದು ಆಗಲೇ ನನಗೆ ಹೊಳೆದದ್ದು. ನಕ್ಷೆ ಬರೆದವರು, ಮಂಜೂರು ಮಾಡಿದವರು, ಸ್ಪೀಕರು ಆರಿಸಿದವರು, ಫೋಮು ಮಾರಿದವರು ಎಲ್ಲರೂ ಗಂಡಸರು. ಅವರು ದನಿ ಪರೀಕ್ಷಿಸಿದ್ದು ಸೋಫಾದ ನಡುವೆ ಕೂತು. ನಾನು ಕೇಳುವುದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅತ್ತೆಯವರು ಮೂಲೆಯ ಮಂಚದಲ್ಲಿ ಒರಗಿ. ಗುಂಗು ಅತಿ ಹೆಚ್ಚು ಕೂಡುವ ಜಾಗ ಅವೇ. ಅಲ್ಲಿಗೆ ಬಂದು ನಿಂತು ಕೇಳಿದವರು ಒಬ್ಬರೂ ಇಲ್ಲ.

ಇದು ಹೊಟ್ಟೆ ತುಂಬಿದವರ ಸಂಗೀತದ ಶೋಕಿ ಎನ್ನಬೇಡಿ. ನಮ್ಮ ನಾಲ್ಕು ತಾಲ್ಲೂಕುಗಳ ಯಾವುದೇ ಊರಿನ ಸಮುದಾಯ ಭವನಕ್ಕೆ ಹೋಗಿ. ಬೋಳು ಸಿಮೆಂಟು, ಟೈಲ್ಸ್, ತಗಡಿನ ಬಾಗಿಲು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಸಾಲದ ಬಡ್ಡಿ ಎಷ್ಟೆಂದು ಹೇಳಿದ್ದು ಹಿಂದಿನ ಸಾಲಿಗೆ ಕೇಳಿಸುವುದಿಲ್ಲ. ಕೇಳಿಸಲಿಲ್ಲ ಎಂದು ಎದ್ದು ಹೇಳಲು ನಾಚಿಕೆ. ಕೇಳಿಸದೇ ಹೆಬ್ಬೆಟ್ಟು ಒತ್ತಿದವರನ್ನು ನಾನು ಕಂಡಿದ್ದೇನೆ. ಮದುವೆಮನೆಗಳಲ್ಲಿ ಎದೆ ಅದುರಿಸುವ ಸ್ಪೀಕರಿನ ಪಕ್ಕದ ಮೂಲೆಯಲ್ಲಿ ಕೂರುವವರು ಮುದುಕಿಯರು, ಕೂಸು ಎತ್ತಿಕೊಂಡ ಬಾಣಂತಿಯರು. ಶಾಲೆಯ ಹಿಂದಿನ ಬೆಂಚಿನ ಹುಡುಗಿ ದಡ್ಡಿ ಎನ್ನಿಸಿಕೊಳ್ಳುತ್ತಾಳೆ. ಮೇಷ್ಟರ ಮಾತು ಅವಳ ಹತ್ತಿರಕ್ಕೆ ಯಾವ ರೂಪದಲ್ಲಿ ಬರುತ್ತದೆಂದು ಅಲ್ಲಿ ಕೂತು ಕೇಳಿದವರಿದ್ದಾರೆಯೇ? ಲಕ್ಷಗಟ್ಟಲೆ ಸುರಿದು ಕಟ್ಟುವ ಈ ಭವನಗಳ ಸೂರಿಗೆ ರಂಧ್ರದ ಹಲಗೆ, ಗೋಡೆಗೆ ನಾರಿನ ದಪ್ಪ ಹೊದಿಕೆ ಹಾಕಿಸಿ ಎಂದು ಪಂಚಾಯಿತಿಗಳಲ್ಲಿ ಸದಸ್ಯೆಯರಾಗಿ ಕೂತ ಹೆಣ್ಣುಮಕ್ಕಳಾದರೂ ಕೇಳಬೇಕು. ಬಣ್ಣಕ್ಕೆ ದುಡ್ಡಿದೆ, ನಾಮಫಲಕದ ಗ್ರಾನೈಟಿಗೆ ದುಡ್ಡಿದೆ, ಇದಕ್ಕೇಕೆ ಇರುವುದಿಲ್ಲ?

1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಶುರುಮಾಡಿದ್ದು ತಮ್ಮ ಮನೆಯಲ್ಲಿ. ಅವರು ಎಂಜಿನಿಯರಲ್ಲ, ಮನಃಶಾಸ್ತ್ರದ ಮೇಷ್ಟರು. ದನಿ ಹೊರಡುವುದು ಯಂತ್ರದಿಂದಾದರೂ ತಲುಪಬೇಕಾದದ್ದು ಮನಸ್ಸಿಗೆ. ನಡುವೆ ಇರುವ ಕೋಣೆಯನ್ನು ನಾವು ಮರೆತಿದ್ದೆವು.

ಹಾಸಿಗೆಗಳು ನಿಂತ ಮೂರನೆಯ ದಿನ ಬೆಳಗ್ಗೆ ಎಂದಿನಂತೆ ರೇಡಿಯೋವನ್ನು ಜೋರಾಗಿ ಹಾಕಿ ಒಲೆಯ ಮುಂದೆ ನಿಂತಿದ್ದೆ. ಹಿತ್ತಲಿನಿಂದ ಯಾವಾಗ ಒಳಗೆ ಬಂದಿದ್ದರೋ ಅತ್ತೆಯವರು, ಮಂಚದಿಂದಲೇ ಕೂಗಿದರು: "ಅದ್ಯಾಕೇ ಹಾಗೆ ಕಿರುಚಿಸ್ತೀಯ? ಸಣ್ಣಗೆ ಮಾಡು. ನನಗೇನು ಕಿವುಡೇ?"

ಸಣ್ಣಗೆ ಮಾಡಿದೆ. ಎರಡು ವರ್ಷ ಅವರನ್ನು ಕಿವುಡಿ ಎಂದದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಕ್ಷಮೆ ಕೇಳಲಿಲ್ಲ. ನಾನೂ ಬಾಯಿಬಿಟ್ಟು ಕೇಳಿರಲಿಲ್ಲ, ಇಲ್ಲಿ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹೊಸ ಹಜಾರಕ್ಕೆ ಬಂದ ಮೇಲೆ ಕಿವಿ ಹೋದ ಅತ್ತೆಯೋ ಅಮ್ಮನೋ ಇದ್ದರೆ, ಜೋರಾಗಿ ಕೂಗುವ ಮೊದಲು ಅವರ ಮಂಚದ ಮೇಲೆ ನೀವು ಒಂದು ಹೊತ್ತು ಕೂತು ಕೇಳಿ ನೋಡಿ.